ಇಟಲಿಯಲ್ಲಿ ಇಲ್ಲವಂತೆ, ಆ ಮಾತು

ಮಹ್ದಿಯಾ, ಟ್ಯುನೀಸಿಯಾ
ಜನವರಿ 11, 1987

ಖಮೈಸ್‌ಗೆ ಸಲಾಂ.

ನಿನ್ನ ಅಮ್ಮ ಚೆನ್ನಾಗಿದ್ದಾರೆ. ಬೈಯಾ ಚೆನ್ನಾಗಿದ್ದಾಳೆ, ಮುಂದಿನ ಹಲ್ಲು ಎರಡು ಬಿದ್ದಿವೆ. ಆಡು ಕೂಡ ಚೆನ್ನಾಗಿದೆ. ನಾನು ಚೆನ್ನಾಗಿಲ್ಲ. ನನಗೆ ಸಿಟ್ಟು ಬಂದಿದೆ. ಅದನ್ನು ಮೊದಲು ಹೇಳಿಬಿಟ್ಟರೆ ಮಿಕ್ಕದ್ದನ್ನು ಬರೆಯಲು ಕೈ ಓಡುತ್ತದೆ.

ನಿನ್ನೆ ನಮ್ಮ ಓಣಿಯ ಫ್ರೇಜ್ ಮಜಾರಾದಿಂದ ಬಂದ. ಅವನ ಹೆಂಡತಿ ಅವನು ತಂದ ಸೋಪಿನ ಜೊತೆ ಒಂದು ಸುದ್ದಿಯನ್ನೂ ಹಿಡಿದು ನಮ್ಮ ಮನೆಗೆ ಬಂದಳು. ಇಟಲಿಯವರು ಹೊಸ ಕಾನೂನು ಮಾಡಿದ್ದಾರಂತೆ. "ಇವನು ನನ್ನ ದೋಣಿಯಲ್ಲಿ ದುಡಿಯುತ್ತಾನೆ" ಎಂದು ಮಾಲೀಕ ಒಂದು ಕಾಗದ ಬರೆದುಕೊಟ್ಟರೆ ಸಾಕಂತೆ. ಕದ್ದುಮುಚ್ಚಿ ಇರುವುದು ತಪ್ಪುತ್ತದೆ, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು. ಫ್ರೇಜ್ ಆಗಲೇ ಕೇಳಿ ಇಟ್ಟಿದ್ದಾನೆ. ಅವನು ಅಲ್ಲಿಗೆ ಹೋಗಿ ಮೂರು ವರ್ಷ ಆಗಿಲ್ಲ. ನೀನು ಹೋಗಿ ಒಂಬತ್ತು ವರ್ಷ. ನಿನಗೆ ಈ ವಿಷಯ ಗೊತ್ತಿರಲಿಲ್ಲವೇ, ಅಥವಾ ಗೊತ್ತಿದ್ದೂ ನನಗೆ ಬರೆಯಲಿಲ್ಲವೇ?

ಮೊನ್ನೆ ಕುರಾನ್ ಶಾಲೆಯಲ್ಲಿ ಬೈಯಾಳನ್ನು ಕೇಳಿದರಂತೆ, "ನಿಮ್ಮಪ್ಪ ಎಲ್ಲಿದ್ದಾರಮ್ಮ?" ಎಂದು. ಇವಳು, "ಆಗಸ್ಟ್‌ನಲ್ಲಿ" ಎಂದಳಂತೆ. ಎಲ್ಲರೂ ನಕ್ಕರಂತೆ. ವರ್ಷಕ್ಕೊಮ್ಮೆ ಆಗಸ್ಟ್‌ನಲ್ಲಿ ಮಾತ್ರ ಅಪ್ಪನನ್ನು ನೋಡುವ ಮಗು, ನನಗೆ ನಗು ಬರಲಿಲ್ಲ. ಸೆಪ್ಟೆಂಬರಿಗೆ ಅವಳನ್ನು ದೊಡ್ಡ ಶಾಲೆಗೆ ಸೇರಿಸಬೇಕು. ಇಲ್ಲಿ ಸೇರಿಸುವುದೋ ಅಲ್ಲಿಯೋ, ಅದನ್ನು ಹೇಳು. ಮಾಲೀಕನ ಹತ್ತಿರ ಕಾಗದ ಕೇಳು.

ಇನ್ನೊಂದು. ನನಗೆ ಇಟಾಲಿಯನ್ ಕಲಿಸು. ಪತ್ರದಲ್ಲೇ ಅಷ್ಟಷ್ಟು ಬರೆದು ಕಳಿಸು, ನಾನು ಬಾಯಿಪಾಠ ಮಾಡುತ್ತೇನೆ. ಗಂಡನ ಜೊತೆ ಹೋದ ಹುರ್ರಿಯಾ ವರ್ಷ ತುಂಬುವ ಮೊದಲೇ ವಾಪಸ್ ಬಂದಳು, ನೆನಪಿದೆಯಾ? ಡಾಕ್ಟರ ಮುಂದೆ ಕೂತು, ಎಲ್ಲಿ ನೋವು ಎಂದು ಹೇಳಲಾಗದೆ ಅತ್ತು ಬಂದವಳು ಅವಳು. ನಾನು ಹಾಗೆ ಬಾಯಿಲ್ಲದವಳಾಗಿ ಬರುವುದಿಲ್ಲ.

ವಸೀಲಾ


ಮಜಾರಾ, ಸಿಸಿಲಿ
ಫೆಬ್ರವರಿ 2, 1987

ವಸೀಲಾಗೆ ಸಲಾಂ. ಅಮ್ಮನ ಕೈಗೆ, ಬೈಯಾಳ ಹಣೆಗೆ ನನ್ನ ಮುತ್ತು.

ನಿನ್ನೆ ಸಮುದ್ರದಿಂದ ಬಂದೆವು. ನಿನ್ನ ಪತ್ರ ನನಗಿಂತ ಮೊದಲೇ ಬಂದು ಹಾಸಿಗೆಯ ಮೇಲೆ ಕಾಯುತ್ತಿತ್ತು. ಪತ್ರ ಒಡೆದ ಕೂಡಲೇ ಬೈಗುಳ. ಹೆಂಡತಿಯ ಪತ್ರ ಎಂದು ಗೊತ್ತಾಗಲು ಸಹಿ ಬೇಕಾಗಲಿಲ್ಲ.

ಕಾನೂನಿನ ವಿಷಯ ನನಗೆ ಫ್ರೇಜ್‌ಗಿಂತ ಮೊದಲೇ ಗೊತ್ತು. ನಮ್ಮ ದೋಣಿಯ ಮಾಲೀಕ ಡಾನ್ ಗಾಸ್ಪರೆಗೆ ನಾನೆಂದರೆ ಮನೆಯವನ ಹಾಗೆ. ಪ್ರತಿ ಸಲ ದಡಕ್ಕೆ ಬಂದಾಗ ಅವರ ಮನೆಗೆ ಹೋಗಬೇಕಾದ ಕೆಂಪು ಸೀಗಡಿಯ ಬುಟ್ಟಿಯನ್ನು ಹೊತ್ತು ಅಡುಗೆಮನೆಯ ಬಾಗಿಲವರೆಗೆ ಹೋಗುವವನು ನಾನೇ. ಬೇರೆ ಯಾರನ್ನೂ ಕಳಿಸುವುದಿಲ್ಲ. ಕಾಗದ ಕೇಳುವುದು ದೊಡ್ಡ ಮಾತಲ್ಲ. ಈಗ ಅವರ ತಾಯಿಗೆ ಹುಷಾರಿಲ್ಲ, ಅದಕ್ಕೆ ಸುಮ್ಮನಿದ್ದೇನೆ.

ಇಟಾಲಿಯನ್ ಬಹಳ ಸುಲಭ. ಬರೆದುಕೋ. ತಿರಾ ಎಂದರೆ ಎಳಿ. ಮೊಲ್ಲಾ, ಬಿಡು. ಕಮೀನಾ ಎಂದರೆ ನಡಿ, ಪೋಸಾ ಎಂದರೆ ಕೆಳಗಿಡು. ಮೂತು ಎಂದರೆ ಸುಮ್ಮನಿರು, ಇದು ನಿನಗೆ ತುಂಬ ಉಪಯೋಗಕ್ಕೆ ಬರುತ್ತದೆ. ಹೌದು ಅನ್ನುವುದಕ್ಕೆ ಸೀ. ಇಲ್ಲ ಅನ್ನುವುದಕ್ಕೆ ಏನೆಂದು ಕೇಳಬೇಡ, ಅದು ಇಲ್ಲಿ ಬೇಕಾಗುವುದೇ ಇಲ್ಲ. ಇಷ್ಟು ಬಂದರೆ ಇಟಲಿ ನಿನ್ನ ಕೈಯಲ್ಲಿ.

ಖಮೈಸ್


ಮಹ್ದಿಯಾ
ಫೆಬ್ರವರಿ 14, 1987

ಖಮೈಸ್‌ಗೆ ಸಲಾಂ.

ನಿನ್ನ ಇಟಾಲಿಯನ್ ಅನ್ನು ಒಂದೇ ಮಧ್ಯಾಹ್ನದಲ್ಲಿ ಕಲಿತು ಮುಗಿಸಿದೆ. ಮಾತಾಡಲು ಯಾರೂ ಸಿಗದೆ ಆಡಿನ ಜೊತೆ ಮಾತಾಡುತ್ತಿದ್ದೇನೆ. "ಕಮೀನಾ!" ಎಂದರೆ ಅಂಗಳಕ್ಕೆ ಹೋಗುತ್ತದೆ. ಅತ್ತೆ ಬಾಗಿಲಲ್ಲಿ ನಿಂತು, "ಆಡಿಗೂ ಬಂತಲ್ಲೇ ಇಟಾಲಿಯನ್ನು, ಇನ್ನು ಅದನ್ನೂ ಕರ್ಕೊಂಡು ಹೋಗಿಬಿಡು!" ಎನ್ನುತ್ತಾರೆ. ತಮಾಷೆಗೆ ಹೇಳಿದ್ದೋ ಕೊಂಕೋ ನನಗೆ ಗೊತ್ತಾಗಲಿಲ್ಲ.

ಆದರೆ ಇದಿಷ್ಟರಿಂದ ನಾನು ಯಾರ ಜೊತೆ ಏನು ಮಾತಾಡಲಿ? ಬೆಳಗ್ಗೆ ಪಕ್ಕದ ಮನೆಯವಳು ಎದುರಾದರೆ ಏನೆನ್ನಬೇಕು? ಹೇಗಿದ್ದೀರಿ ಎನ್ನುವುದು ಹೇಗೆ? ಅಂಗಡಿಗೆ ಹೋಗಿ, ದಯವಿಟ್ಟು ಒಂದು ಬ್ರೆಡ್ ಕೊಡಿ ಎನ್ನುವುದು ಹೇಗೆ? ಎಳಿ, ಬಿಡು ಎಂದು ಹೇಳಿದರೆ ಬ್ರೆಡ್ ಕೊಡುತ್ತಾರೋ, ಹೊಡೆಯುತ್ತಾರೋ? ಮೊದಲು ಆ "ದಯವಿಟ್ಟು" ಕಳಿಸು. ಅದಿದ್ದರೆ ಮಿಕ್ಕದ್ದನ್ನು ಕೈಸನ್ನೆಯಲ್ಲಾದರೂ ಮುಗಿಸಬಹುದು.

ಮಾಲೀಕನ ತಾಯಿ ಹುಷಾರಾದರಾ? ಕಾಗದ?

ವಸೀಲಾ


ಮಜಾರಾ
ಮಾರ್ಚ್ 9, 1987

ವಸೀಲಾಗೆ ಸಲಾಂ.

ಈ ಸಲ ಸಮುದ್ರ ಕೆಟ್ಟಿತ್ತು. ಬಲೆ ಎರಡು ಕಡೆ ಹರಿದು, ಹೊಲಿಯುವುದರಲ್ಲೇ ಕೈ ಬಿರಿದಿದೆ. ಪತ್ರ ಚಿಕ್ಕದಾಗಿದ್ದರೆ ಅದಕ್ಕೂ ಬೈಯಬೇಡ.

ಇನ್ನಷ್ಟು ಬರೆದುಕೋ. ಹಗ್ಗಕ್ಕೆ ಕೀಮಾ, ಐಸಿಗೆ ಗ್ಯಾಚ್ಚೊ, ಪೆಟ್ಟಿಗೆಗೆ ಕಾಶಾ. ಸ್ವೇಲ್ತು ಎಂದರೆ ಬೇಗ ಬೇಗ.

ನೀನು ಕೇಳಿದ ದಯವಿಟ್ಟು ಎನ್ನುವ ಮಾತು ಇಟಾಲಿಯನ್‌ನಲ್ಲಿ ಇಲ್ಲ. ಇವರು ಕೆಲಸದ ಜನ. ನಮ್ಮ ಹಾಗೆ ಬಾಗಿಲಲ್ಲಿ ನಿಂತು ನಿಮ್ಮ ಮನೆ ತಂಪಾಗಿರಲಿ, ನಿಮ್ಮ ಕೈಗೆ ನೋವಾಗದಿರಲಿ ಎಂದೆಲ್ಲ ಎಳೆಯುವುದಿಲ್ಲ. ಅಂಗಡಿಯಲ್ಲಿ ಬೆರಳು ತೋರಿಸಿದರೆ ಕೊಡುತ್ತಾರೆ. ನಾನು ಒಂಬತ್ತು ವರ್ಷದಿಂದ ಬ್ರೆಡ್ ತಿಂದೇ ಬದುಕಿದ್ದೇನಲ್ಲ.

ಡಾನ್ ಗಾಸ್ಪರೆ ಮದುವೆಯೊಂದಕ್ಕೆ ಪಲೆರ್ಮೊಗೆ ಹೋಗಿದ್ದಾರೆ. ಬಂದ ಮೇಲೆ ಕೇಳುತ್ತೇನೆ. ಫ್ರೇಜ್‌ನ ಹೆಂಡತಿ ಹೇಳಿದ್ದಕ್ಕೆಲ್ಲ ಕಿವಿ ಕೊಡಬೇಡ.

ಖಮೈಸ್


ಮಹ್ದಿಯಾ
ಮಾರ್ಚ್ 20, 1987

ಖಮೈಸ್,

ಸಲಾಂ ಬರೆಯುವಷ್ಟು ತಾಳ್ಮೆ ಇವತ್ತು ನನಗಿಲ್ಲ.

ಎರಡು ಬೇಸಿಗೆಯ ಹಿಂದೆ ಕಾರಿನ ತಲೆಯ ಮೇಲೆ ಕಟ್ಟಿಕೊಂಡು ಬಂದು, ಓಣಿಯವರೆಲ್ಲ ನೋಡುವ ಹಾಗೆ ಇಳಿಸಿದೆಯಲ್ಲ, ಆ ಟಿವಿ ನೆನಪಿದೆಯಾ? ಮಹಡಿ ಹತ್ತಿ ಆಂಟೆನಾವನ್ನು ಸಿಸಿಲಿಯ ಕಡೆಗೆ ತಿರುಗಿಸಿ ಕಟ್ಟಿದವನೂ ನೀನೇ. ಇಷ್ಟು ದಿನ ಅದನ್ನು ಹಾಡಿಗೆ ಹಾಕುತ್ತಿದ್ದೆವು. ಈಗ ನಾನು ಅದರ ಮುಂದೆ ಪುಸ್ತಕ ಹಿಡಿದು ಕೂರುತ್ತೇನೆ. ಬೈಯಾ ಪಕ್ಕದಲ್ಲಿ ಕೂತು ನನಗಿಂತ ಬೇಗ ಹಿಡಿಯುತ್ತಾಳೆ.

ಪೆರ್ ಫವೋರೆ.

ಗೊತ್ತಾಯಿತಾ? ದಯವಿಟ್ಟು ಅನ್ನುವುದಕ್ಕೆ ಇಟಾಲಿಯನ್‌ನಲ್ಲಿ ಮಾತು ಇದೆ. ಗಂಟೆಗೆ ಎಷ್ಟು ಸಲ ಕೇಳುತ್ತದೋ ಲೆಕ್ಕವಿಲ್ಲ. ತಾಯಿ ಮಗನಿಗೆ ಹೇಳುತ್ತಾಳೆ. ಗಂಡ ಹೆಂಡತಿಗೆ ಉಪ್ಪು ಕೊಡು ಎನ್ನುವಾಗ ಹೇಳುತ್ತಾನೆ. ನಿನ್ನೆ ಒಂದು ಕಥೆಯಲ್ಲಿ ಪೊಲೀಸಿನವನು ಕಳ್ಳನಿಗೆ ಕೋಳ ತೊಡಿಸುವ ಮೊದಲು ಹೇಳಿದ, ಕೈ ಮುಂದೆ ಮಾಡಿ, ಪೆರ್ ಫವೋರೆ ಅಂತ. ಕಳ್ಳನಿಗೂ ಸಿಗುವ ಮಾತು ನಿನ್ನ ಹೆಂಡತಿಗೆ ಸಿಗಬಾರದೇ?

ನೀನು ಯಾಕೆ ಹೀಗೆ ಮಾಡುತ್ತಿದ್ದೀಯ ಎಂದು ನನಗೆ ಅರ್ಥವಾಗಿದೆ. ನನಗೆ ಬೇಕಾದ ಮಾತುಗಳನ್ನು ಬಚ್ಚಿಟ್ಟು ಬೇಡದವನ್ನು ಕೊಡುತ್ತಿದ್ದೀಯ. ನಾನು ಕಲಿಯಬಾರದು, ಬರಬಾರದು, ಅಷ್ಟೇ ತಾನೇ? ಮೊದಲು ತಾಯಿಗೆ ಕಾಯಿಲೆ, ಈಗ ಮದುವೆ, ಮುಂದಿನ ಪತ್ರದಲ್ಲಿ ಏನು, ನಾಮಕರಣವೇ? ಅಲ್ಲಿ ಯಾರಾದರೂ ಇದ್ದರೆ ನೇರವಾಗಿ ಬರೆ. ನಾನು ಅತ್ತು ಕರೆದು ಓಣಿ ಸೇರಿಸುವವಳಲ್ಲ. ನಿನ್ನ ಟಿವಿಯನ್ನು ಮಹಡಿಯಿಂದ ಕೆಳಗೆ ಹಾಕಿ ಸುಮ್ಮನಾಗುತ್ತೇನೆ.

ವಸೀಲಾ


ಮಹ್ದಿಯಾ
ಏಪ್ರಿಲ್ 12, 1987

ಖಮೈಸ್,

ಉತ್ತರವಿಲ್ಲ. ನಿನ್ನ ದೋಣಿ ಹೋದ ತಿಂಗಳ ಕೊನೆಗೇ ದಡಕ್ಕೆ ಬಂದು ಮತ್ತೆ ಹೋಯಿತೆಂದು ಫ್ರೇಜ್ ಮನೆಗೆ ಬರೆದಿದ್ದಾನೆ. ಅಂದರೆ ನನ್ನ ಪತ್ರ ನಿನ್ನ ಕೈಗೆ ಬಂದಿತ್ತು. ಓದಿ ಮಡಚಿಟ್ಟು ಸಮುದ್ರಕ್ಕೆ ಹೋದೆ. ಸರಿ.

ಬಂದರಿನ ಹಿಂದಿನ ಓಣಿಯಲ್ಲಿ ಬಟ್ಟೆ ಹೊಲಿಯುವ ಕೊಂಚೆತ್ತಾ ಅಜ್ಜಿ ಇದ್ದಾಳಲ್ಲ, ಅವಳ ಹತ್ತಿರ ಹೋಗಲು ಶುರು ಮಾಡಿದ್ದೇನೆ. ಅವಳ ಜನರೆಲ್ಲ ಸಿಸಿಲಿಗೆ ವಾಪಸ್ ಹೋದರೂ ಇವಳೊಬ್ಬಳು ಇಲ್ಲೇ ಉಳಿದವಳು. ನಮ್ಮ ಹಾಗೆಯೇ ಮಾತಾಡುತ್ತಾಳೆ, ನಮಗಿಂತ ಚೆನ್ನಾಗಿ ಬೈಯುತ್ತಾಳೆ. ಚಿಕ್ಕಂದಿನಲ್ಲಿ ಇಟಾಲಿಯನ್ ಶಾಲೆಯಲ್ಲಿ ಓದಿದವಳು. ನನಗೆ ಮಾತಿನ ಜೊತೆ ಅಕ್ಷರವನ್ನೂ ಕಲಿಸುತ್ತಿದ್ದಾಳೆ.

ನಿನ್ನ ಅನುಮತಿ ಕೇಳಲು ಬರೆದದ್ದಲ್ಲ, ತಿಳಿದಿರಲಿ ಎಂದು ಬರೆದೆ.

ವಸೀಲಾ


ಮಜಾರಾ
ಏಪ್ರಿಲ್ 26, 1987

ವಸೀಲಾ,

ನಿನ್ನ ಪತ್ರ ಓದುವ ಮೊದಲೇ ಕಾಫಿ ಅಂಗಡಿಯಲ್ಲಿ ನಿನ್ನ ಸುದ್ದಿ ಕೇಳಿದೆ. ಫ್ರೇಜ್ ಎಲ್ಲರ ಮುಂದೆ ಹೇಳಿದ, "ಏನಪ್ಪಾ ಖಮೈಸ್, ನಿನ್ ಹೆಂಡ್ತಿ ಕೊಂಚೆತ್ತಾ ಹತ್ರ ಪಾಠ ಹೇಳಿಸ್ಕೊಳ್ತಿದ್ದಾಳಂತೆ? ಇನ್ನೇನು, ಬಂದು ನಿಮ್ ದೋಣಿಗೆ ಕ್ಯಾಪ್ಟನ್ ಆಗ್ತಾಳೆ ಬಿಡು!" ಇಡೀ ಅಂಗಡಿ ನಕ್ಕಿತು. ನಾನು ನನ್ನ ಲೋಟ ಅಲ್ಲೇ ಬಿಟ್ಟು ಎದ್ದು ಬಂದೆ.

ಇಲ್ಲಿ ನನಗೆ ಇರುವುದು ಆ ಕಾಫಿ ಅಂಗಡಿ ಒಂದೇ. ಅದನ್ನೂ ನೀನು ಕಿತ್ತುಕೊಂಡೆ.

ಯಾರಾದರೂ ಇದ್ದಾರಾ ಎಂದು ಕೇಳಿದ್ದೀಯ. ಇದ್ದಾರೆ. ಐದು ಜನ ಗಂಡಸರು, ಒಂದು ಕೋಣೆ, ಒಂದು ಕಿಟಕಿ. ಒಬ್ಬ ಕೆಮ್ಮಿದರೆ ಐವರಿಗೂ ನಿದ್ದೆಯಿಲ್ಲ. ಇದರಲ್ಲಿ ಯಾರನ್ನು ಬೇಕಾದರೂ ಆರಿಸಿಕೊಂಡು ಹೊಟ್ಟೆಕಿಚ್ಚು ಪಡು.

ಒಂಬತ್ತು ವರ್ಷ ಇಲ್ಲಿ ಉಪ್ಪುನೀರಿನಲ್ಲಿ ನೆನೆದವನು ನಾನು. ಡಬ್ಬಿಯ ಮುಂದೆ ಕಾಲು ಚಾಚಿ ಕೂತು ನೀನು ನನಗೆ ಇಟಾಲಿಯನ್ ಹೇಳಿಕೊಡುತ್ತೀಯಾ? ಟಿವಿಯವರಿಗೆ ಸಂಬಳ ಕೊಟ್ಟು ನಯವಾಗಿ ಮಾತಾಡಿಸುತ್ತಾರೆ. ಇದು ಮಜಾರಾ. ಇನ್ನು ಮೇಲೆ ಆ ಮುದುಕಿಯ ಮನೆಗೆ ಹೋಗಕೂಡದು. ಇದು ನನ್ನ ಮಾತು. ಕಾಗದದ ವಿಷಯ ನನಗೆ ಬಿಡು. ಮತ್ತೆ ಅದನ್ನು ಕೆದಕಿ ಬರೆದರೆ ಪತ್ರ ಒಡೆಯುವುದೇ ಇಲ್ಲ.

ಖಮೈಸ್


ಮಹ್ದಿಯಾ
ಮೇ 10, 1987

ಖಮೈಸ್,

ಪತ್ರ ಒಡೆಯುವುದಿಲ್ಲ ಎಂದು ಹೇಳಿದ್ದೀಯ. ಒಡೆದೆಯಲ್ಲ, ಹಾಗಾದರೆ ಪೂರ್ತಿ ಓದು.

ನಿನ್ನ ಪತ್ರ ಬಂದ ದಿನವೇ ಅಜ್ಜಿಯ ಮನೆಗೆ ಹೋದೆ. ಹೋಗಕೂಡದು ಎಂದದ್ದಕ್ಕೇ ಹೋದೆ. ರಂಜಾನ್ ಉಪವಾಸದ ಸುಸ್ತು ಬೇರೆ, ಸಿಟ್ಟು ಬೇರೆ. ನೀನು ಒಂಬತ್ತು ವರ್ಷ ಮಾತಾಡಿದ ಇಟಾಲಿಯನ್ ಯಾವುದೆಂದು ಅವಳ ಬಾಯಿಂದಲೇ ಹೇಳಿಸಿ ನಿನ್ನ ಮುಖಕ್ಕೆ ಎಸೆಯಬೇಕೆಂದಿದ್ದೆ. ನೀನು ಕಲಿಸಿದ್ದನ್ನೆಲ್ಲ ಅವಳ ಮುಂದೆ ಒಪ್ಪಿಸಿದೆ. ತಿರಾ, ಮೊಲ್ಲಾ, ಕಮೀನಾ, ಪೋಸಾ, ಮೂತು.

ಅಜ್ಜಿ ಸೂಜಿ ಕೆಳಗಿಟ್ಟಳು. "ಯಾರೇ ಕಲಿಸಿದ್ದು ನಿಂಗಿದನ್ನ?"

"ನನ್ ಗಂಡ. ನೀರು ಕುಡಿದ ಹಾಗೆ ಮಾತಾಡ್ತಾನೆ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಮ್ಮಪ್ಪ ಕತ್ತೆ ಹತ್ರ ಆಡ್ತಿದ್ದ ಮಾತು ಕಣೇ ಇದು! ಇಷ್ಟೂ ನಮ್ ಕತ್ತೆಗೆ ಬರ್ತಿತ್ತು. ಶಾಲೆಗೆ ಕಳಿಸಿರ್ಲಿಲ್ಲ ಅದನ್ನ!"

ನಾನೂ ನಕ್ಕೆ, ಖಮೈಸ್. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ನಕ್ಕೆ.

"ಇನ್ನೇನೇನು ಕಲಿಸಿದ್ದಾನೆ, ಹೇಳು ಹೇಳು" ಎಂದಳು. ಹಗ್ಗ, ಐಸು, ಪೆಟ್ಟಿಗೆ, ಬೇಗ ಬೇಗ ಎಂದೆ. ಅವಳ ನಗು ಅಲ್ಲೇ ನಿಂತಿತು. "ಬೂನ್‌ಜೋರ್ನೊ? ಬೆಳಗ್ಗೆ ಎದ್ದು ಒಬ್ರಿಗೊಬ್ರು ಹೇಳೋದು?" ಇಲ್ಲ ಎಂದೆ. "ಗ್ರಾಜಿಯೆ? ಉಪಕಾರ ಆಯ್ತು ಅನ್ನೋದು?" ಇಲ್ಲ. "ಹೆಸರೇನು, ಹೇಗಿದ್ದೀಯಾ, ಊಟ ಆಯ್ತಾ?" ಇಲ್ಲ ಅಜ್ಜಿ, ಅವು ಯಾವುವೂ ಇಲ್ಲ.

ಅವಳು ಕನ್ನಡಕ ತೆಗೆದು ಹೊಲಿಯುತ್ತಿದ್ದ ಬಟ್ಟೆಯಲ್ಲಿ ಒರೆಸಿದಳು. ಆಮೇಲೆ ಹೇಳಿದಳು, "ಅವನು ನಿಂಗೆ ಬಚ್ಚಿಟ್ಟಿಲ್ಲ ಮಗಳೇ. ಕಿವಿಗೆ ಬಿದ್ದಿದ್ರೆ ತಾನೇ ಕಲಿಸೋದು? ಒಂಬತ್ತು ವರ್ಷ ನಮ್ ಜನ ಅವನ ಹತ್ರ ಇಷ್ಟೇ ಆಡಿದ್ದಾರೆ."

ದಾರಿಯುದ್ದಕ್ಕೂ ಅದೇ ಮಾತು ಕಿವಿಯಲ್ಲಿತ್ತು. ಹೋದ ಆಗಸ್ಟ್‌ನಲ್ಲಿ ಬಂದರಿನ ಹತ್ತಿರ ಒಬ್ಬ ಇಟಾಲಿಯನ್ ಹೆಂಗಸು ಕೋಟೆಗೆ ದಾರಿ ಯಾವುದೆಂದು ಕೇಳಿದಾಗ ನೀನು ಕಿವಿ ಕೇಳದವನ ಹಾಗೆ ಮುಖ ತಿರುಗಿಸಿ ನಡೆದೆ. ಎಷ್ಟು ಜಂಬ ನನ್ನ ಗಂಡನಿಗೆ ಎಂದು ಆಗ ಅಂದುಕೊಂಡಿದ್ದೆ. ಫ್ರೇಜ್‌ನ ಹೆಂಡತಿಗೂ ಹಾಗೆಯೇ ಹೇಳಿದ್ದೆ. ಪಾಪ, ಆ ಹೆಂಗಸು ನಿನಗೆ ಒಳ್ಳೆಯ ಮಾತಿನಲ್ಲಿ ಕೇಳಿದ್ದಳು, ಅದಕ್ಕೇ ನಿನಗೆ ಅರ್ಥವಾಗಲಿಲ್ಲ.

ನನಗೆ ಈಗ ಬರುತ್ತಿರುವ ಸಿಟ್ಟಿಗೆ ಹೆಸರಿಲ್ಲ. ನಿನ್ನ ಮೇಲಿತ್ತು, ಈಗಲೂ ಇದೆ, ಆದರೆ ಪೂರ್ತಿ ನಿನ್ನ ಮೇಲಲ್ಲ. ನಿಜ ಹೇಳು. ಡಾನ್ ಗಾಸ್ಪರೆಯ ಹತ್ತಿರ ನೀನು ಒಂದು ಸಲವಾದರೂ ಬಾಯಿ ಬಿಟ್ಟು ಕೇಳಿದ್ದೀಯಾ?

ವಸೀಲಾ


ಮಜಾರಾ
ಮೇ 30, 1987

ವಸೀಲಾ,

ಹಬ್ಬದ ದಿನ ಸಮುದ್ರದಲ್ಲಿದ್ದೆ. ನಿನ್ನೆ ಬಂದು ಪತ್ರ ಓದಿದೆ.

ಇಲ್ಲ. ಕೇಳಿಲ್ಲ. ಈಗ ಸಮಾಧಾನ ಆಯಿತಾ?

ಫೆಬ್ರವರಿಯಲ್ಲಿ ಕೇಳಬೇಕೆಂದು ಹೋದೆ. ಮಾರ್ಚ್‌ನಲ್ಲೂ ಹೋದೆ. ನಿನ್ನೆಯೂ ಹೋಗಿದ್ದೆ. ಬುಟ್ಟಿ ಹೊತ್ತು ಆ ಬಾಗಿಲಲ್ಲಿ ನಿಲ್ಲುತ್ತೇನೆ. ಅವರ ತಾಯಿ ಬಾಗಿಲು ತೆಗೆದು "ಪೋಸಾ" ಎನ್ನುತ್ತಾಳೆ. ಅವಳಿಗೆ ಯಾವ ಕಾಯಿಲೆಯೂ ಇಲ್ಲ, ಗಟ್ಟಿಯಾಗಿದ್ದಾಳೆ. ಮದುವೆಯೂ ಸುಳ್ಳು. ನಾನು ಬುಟ್ಟಿ ಇಳಿಸುತ್ತೇನೆ. ಬಾಗಿಲು ಮುಚ್ಚುತ್ತದೆ. ನನ್ನ ಬಾಯಲ್ಲಿರುವುದೆಲ್ಲ ಇವರು ನನಗೆ ಹೇಳಿದ ಮಾತುಗಳು. ಅವರಿಗೆ ನಾನು ತಿರುಗಿ ಹೇಳುವಂಥದ್ದು ಅವುಗಳಲ್ಲಿ ಸೀ ಒಂದೇ. ಅದರಿಂದ ಏನು ಕೇಳಲಿ?

ಫ್ರೇಜ್ ಕೇಳಿಕೊಡುತ್ತೇನೆ ಎಂದ. ಬೇಡ ಎಂದೆ. ನಾಳೆ ಕಾಫಿ ಅಂಗಡಿಯಲ್ಲಿ ಅದೂ ಒಂದು ಕಥೆಯಾಗುತ್ತದೆ.

ಕತ್ತೆಯ ಮಾತು ಎಂದು ಬರೆದಿದ್ದೀಯ. ಅದನ್ನು ಬರೆಯದೆ ಬಿಡಬಹುದಾಗಿತ್ತು. ಬೈಯಾಳನ್ನು ಅಲ್ಲೇ ಶಾಲೆಗೆ ಸೇರಿಸು. ಇನ್ನು ಬರೆಯಬೇಡ.

ಖಮೈಸ್


ಮಹ್ದಿಯಾ
ಜೂನ್ 9, 1987

ಖಮೈಸ್‌ಗೆ ಸಲಾಂ.

ಬರೆಯಬೇಡ ಎಂದೆ, ಬರೆಯುತ್ತಿದ್ದೇನೆ. ಬೈಯಾಳನ್ನು ಇಲ್ಲಿ ಸೇರಿಸುವುದಿಲ್ಲ.

ಕತ್ತೆಯ ಮಾತು ಬರೆಯಬಾರದಿತ್ತು, ಸರಿ. ಆದರೆ ನೀನು ನನಗೆ ಇದನ್ನು ಹೇಳದೆ ಬಚ್ಚಿಟ್ಟೆಯಲ್ಲ, ಅದು? ನನಗೆ ಬರುವುದಿಲ್ಲ ವಸೀಲಾ ಎಂದು ಒಂದು ಸಾಲು ಬರೆದಿದ್ದರೆ ನಾನು ನಗುತ್ತಿದ್ದೆನೇ? ಕೈ ಬಿರಿದಿದ್ದಕ್ಕೆ, ಬಲೆ ಹರಿದಿದ್ದಕ್ಕೆ ಪತ್ರದಲ್ಲಿ ಜಾಗವಿತ್ತು, ಇದಕ್ಕಿರಲಿಲ್ಲ. ನಾನು ಚಳಿಗಾಲವಿಡೀ ಇಲ್ಲಿ ಯಾವಳೋ ಒಬ್ಬಳನ್ನು ಮನಸ್ಸಿನಲ್ಲಿ ಕಟ್ಟಿಕೊಂಡು, ಅವಳಿಗೆ ಬಟ್ಟೆ ತೊಡಿಸಿ ಹೆರಳು ಹಾಕಿ, ಅವಳ ಜೊತೆ ಜಗಳವಾಡಿದ್ದೇನೆ. ಅದಕ್ಕೆ ನಿನ್ನನ್ನು ಕ್ಷಮಿಸುವುದಿಲ್ಲ.

ಈಗ ಪಾಠ. ಕೆಳಗೆ ನಮ್ಮ ಅಕ್ಷರದಲ್ಲೇ ಬರೆದಿದ್ದೇನೆ. ನನ್ನ ಬಾಯಿಂದ ಅಜ್ಜಿ ಮತ್ತೆ ಮತ್ತೆ ಹೇಳಿಸಿ ತಿದ್ದಿದ್ದಾಳೆ.

ಬೂನ್‌ಜೋರ್ನೊ. ಲವೋರೊ ದಾ ನೋವೆ ಆನ್ನಿ. ವೋಲ್ಯೊ ಲಾ ಮೀಯಾ ಕಾರ್ತಾ.

ಒಳ್ಳೆಯ ಬೆಳಗು. ಒಂಬತ್ತು ವರ್ಷದಿಂದ ದುಡಿಯುತ್ತಿದ್ದೇನೆ. ನನ್ನ ಕಾಗದ ಬೇಕು. ಅಷ್ಟೇ ಅರ್ಥ. ಸಮುದ್ರದಲ್ಲಿ ಬಲೆ ಹೊಲಿಯುತ್ತಾ ಹೇಳಿಕೋ. ಮೀನಿಗೆ ಹೇಳು, ಐಸಿಗೆ ಹೇಳು.

ಅಜ್ಜಿ ಕೊನೆಯಲ್ಲಿ ಪೆರ್ ಫವೋರೆ ಸೇರಿಸಿದ್ದಳು. ನಾನು ಹೊಡೆದು ಹಾಕಿದೆ. "ಅಯ್ಯೋ ಹುಡುಗಿ, ಅದಿಲ್ದಿದ್ರೆ ಒರಟಾಗತ್ತೆ" ಎಂದಳು. ಆಗಲಿ ಎಂದೆ. ಕಾಗದ ಅವನು ಕೊಡುವ ಭಿಕ್ಷೆಯಲ್ಲ, ನಿನ್ನದು. ಒಂಬತ್ತು ವರ್ಷದಲ್ಲಿ ಒಂದು ಸಲ ನಿನಗೆ ಸಿಗದ ಮಾತನ್ನು ನೀನು ಮೊದಲ ಸಲ ಬಾಯಿಬಿಟ್ಟಾಗ ಅವನಿಗೆ ಕೊಡಬೇಡ. ಅದನ್ನು ಬೇರೆ ಎಲ್ಲಾದರೂ ಖರ್ಚು ಮಾಡು.

ಜುಲೈ ಮುಗಿಯುವುದರೊಳಗೆ ನೀನು ಕೇಳದಿದ್ದರೆ ಹಡಗು ಹತ್ತಿ ನಾನೇ ಬಂದು ಆ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತೇನೆ. ನಿನ್ನ ಅಮ್ಮನಿಗೂ ಹೇಳಿದ್ದೇನೆ. "ಹೋಗು, ಅವನಿಗೂ ಎರಡು ಹಾಕಿ ಬಾ" ಎಂದರು.

ವಸೀಲಾ


ಮಜಾರಾ
ಜುಲೈ 5, 1987

ವಸೀಲಾಗೆ ಸಲಾಂ.

ಕಾಗದಕ್ಕೆ ಸಹಿ ಬಿದ್ದಿದೆ. ಮೊದಲು ಅದನ್ನು ಬರೆದುಬಿಟ್ಟೆ. ಇನ್ನು ನಡೆದದ್ದನ್ನು ಬರೆಯುತ್ತೇನೆ.

ನೀನು ಹೇಳಿದ ಹಾಗೆ ಬಲೆ ಹೊಲಿಯುತ್ತಾ ಹೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ನಮ್ಮವನು ಏನು ಪ್ರಾರ್ಥನೆ ಅದು, ದುವಾನಾ ಎಂದ. ಅರ್ಥ ಹೇಳಿದೆ. ಅವನೂ ಹೇಳತೊಡಗಿದ. ಸಂಜೆಯ ಹೊತ್ತಿಗೆ ದೋಣಿಯಲ್ಲಿದ್ದ ನಮ್ಮವರೆಲ್ಲರ ಬಾಯಲ್ಲೂ ಅದೇ. ಕ್ಯಾಪ್ಟನ್ ಪೀನೊಗೆ ಎಷ್ಟು ಅರ್ಥವಾಯಿತೋ, "ಮೂತು!" ಎಂದು ಕೂಗಿದ. ಅವನು ಬೆನ್ನು ತಿರುಗಿಸಿದ ಕೂಡಲೇ ಮತ್ತೆ ಶುರು ಮಾಡಿದೆವು.

ದಡಕ್ಕೆ ಬಂದ ಬೆಳಗ್ಗೆ ಬುಟ್ಟಿ ಹೊತ್ತು ಹೋದೆ. ಮಿಕ್ಕವರು ಓಣಿಯ ತಿರುವಿನಲ್ಲಿ ನಿಂತರು. ನಾನು ಕರೆದಿರಲಿಲ್ಲ. ಮುದುಕಿ ಬಾಗಿಲು ತೆಗೆದು "ಪೋಸಾ" ಎಂದಳು. ನಾನು ಇಳಿಸಲಿಲ್ಲ. ಇನ್ನೊಂದು ಸಲ ಜೋರಾಗಿ "ಪೋಸಾ!" ಎಂದಳು. ಬುಟ್ಟಿ ಭುಜದ ಮೇಲೇ ಇತ್ತು. ನಾನು ನಿನ್ನ ಮಾತನ್ನು ಹೇಳಿದೆ, ಮೂರೂ.

ಅವಳು ಏನು ಮಾಡಿದಳು ಗೊತ್ತಾ? ನನ್ನ ಮುಖವನ್ನೇ ನೋಡುತ್ತಾ ಎರಡು ಹೆಜ್ಜೆ ಹಿಂದೆ ಹೋಗಿ, ಮನೆಯೊಳಗೆ ಕೂಗಿದಳು. ಆಗ ನನಗೆ ಗೊತ್ತಾಗಲಿಲ್ಲ, ಆಮೇಲೆ ಫ್ರೇಜ್ ಬಿಡಿಸಿ ಹೇಳಿದ. "ಗಾಸ್ಪರೆ, ಬಾರೋ ಇಲ್ಲಿ! ಈ ಮೂಗ ಮಾತಾಡ್ತಿದ್ದಾನೆ!" ಎಂದಿದ್ದಳಂತೆ.

ಮೂಗ. ಒಂಬತ್ತು ವರ್ಷ ಆ ಮನೆಯವರು ನಾನು ಮೂಗ ಎಂದುಕೊಂಡಿದ್ದರು.

ಡಾನ್ ಗಾಸ್ಪರೆ ಕೊರಳಿಗೆ ಕಟ್ಟಿದ ಬಟ್ಟೆಯಲ್ಲೇ ತಿಂಡಿಯಿಂದ ಎದ್ದು ಬಂದ. ನಕ್ಕ. ಏನೇನೋ ಬೇಗ ಬೇಗ ಹೇಳಿದ, ಒಂದೂ ಅರ್ಥವಾಗಲಿಲ್ಲ. ನಾನು ಮತ್ತೆ ಅದನ್ನೇ ಹೇಳಿದೆ. ಬೆನ್ನು ತಟ್ಟಿ ಕಳಿಸಲು ನೋಡಿದ. ಮತ್ತೆ ಹೇಳಿದೆ. ಸೀಗಡಿಯ ನೀರು ನನ್ನ ಬೆನ್ನ ಮೇಲಿಂದ ಇಳಿದು ಅವರ ಹೊಸ ಹಾಸುಗಲ್ಲಿನ ಮೇಲೆ ಹರಿಯುತ್ತಿತ್ತು. ಅವನು ಅದನ್ನು ನೋಡಿದ, ಓಣಿಯ ತುದಿಯಲ್ಲಿ ನಿಂತವರನ್ನು ನೋಡಿದ. ಇವರಿಲ್ಲದೆ ಮರುದಿನ ದೋಣಿ ಹೊರಡುವುದಿಲ್ಲವೆಂದು ಅವನಿಗೆ ಗೊತ್ತು. ನಗು ಹೋಯಿತು. ಸಂಜೆ ಕಚೇರಿಯಲ್ಲಿ ಸಹಿ ಹಾಕಿ ಪೆನ್ನನ್ನು ಮೇಜಿನ ಮೇಲೆ ಎಸೆದ. ಎಸೆಯಲಿ.

ನಾನು ಗೆದ್ದೆ ಎಂದು ಬರೆಯುತ್ತಿಲ್ಲ. ಪೀನೊ ಇನ್ನು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಆದರೆ ಮೈಯೆಲ್ಲ ಉರಿಯುತ್ತಿದೆ. ಮೂರು ಮಾತು, ವಸೀಲಾ! ಮೂರು ಮಾತಿಗೆ ಒಂಬತ್ತು ವರ್ಷ ಆ ಬಾಗಿಲಲ್ಲಿ ಮೂಗನಾಗಿ ನಿಂತೆ. ಸಿಟ್ಟು ಯಾರ ಮೇಲೆಂದು ತಿಳಿಯದೆ ರಾತ್ರಿ ಗೋಡೆಗೆ ಗುದ್ದಿದೆ. ಐವರೂ ಎದ್ದರು.

ಬೈಯಾಳನ್ನು ಕರೆದುಕೊಂಡು ಬಾ. ಬೇಗ ಬಾ.

ಖಮೈಸ್


ಮಹ್ದಿಯಾ
ಜುಲೈ 15, 1987

ಖಮೈಸ್‌ಗೆ ಸಲಾಂ.

ನಿನ್ನ ಪತ್ರವನ್ನು ಅಡುಗೆಮನೆಯಲ್ಲಿ ಓದಿದೆ. ಅತ್ತೆ, "ಯಾಕೇ ಅಳ್ತಿದ್ದೀಯಾ?" ಎಂದರು. ಈರುಳ್ಳಿ ಎಂದೆ. "ಈರುಳ್ಳಿ ಎಲ್ಲಿ?" ಎಂದರು. ಆಮೇಲೆ ಓದಿ ಹೇಳಿದೆ. ಮೂಗ ಎನ್ನುವಲ್ಲಿಗೆ ಬಂದಾಗ ಅವರು ಎದ್ದು ಹೋಗಿ ಒಣಹಾಕಿದ್ದ ಆಕ್ಟೋಪಸ್‌ಗಳನ್ನು ಕಲ್ಲಿನ ಮೇಲೆ ಇಟ್ಟು ಕುಟ್ಟತೊಡಗಿದರು. ಹಸಿಯಿದ್ದಾಗ ಮೆತ್ತಗಾಗಲೆಂದು ಕುಟ್ಟುವುದು, ಒಣಗಿದ ಮೇಲೆ ಯಾರೂ ಕುಟ್ಟುವುದಿಲ್ಲ. ನಾನು ತಡೆಯಲಿಲ್ಲ.

ಬುಟ್ಟಿ ಇಳಿಸಲಿಲ್ಲವಲ್ಲ, ಅದನ್ನು ನಾನು ಕಲಿಸಿರಲಿಲ್ಲ. ಅಜ್ಜಿಗೆ ಹೇಳಿದೆ. "ಅದು ಯಾವ ಶಾಲೇಲೂ ಹೇಳಿಕೊಡಲ್ಲ" ಎಂದಳು.

ಇಷ್ಟೆಲ್ಲ ಆದ ಮೇಲೂ ನನಗೆ ಮತ್ತೆ ಸಿಟ್ಟು ಬಂದಿದೆ. ನಿನ್ನ ಪತ್ರದ ಕೊನೆಯ ಸಾಲು ತಿರುಗಿ ಓದಿಕೋ. ಕರೆದುಕೊಂಡು ಬಾ. ಬೇಗ ಬಾ. ಎಳಿ, ಬಿಡು, ನಡಿ, ಕೆಳಗಿಡು, ಬಾ! ನಾನೇನು ನಿನ್ನ ದೋಣಿಯ ಹಗ್ಗವೇ? ನಿನ್ನ ಅಮ್ಮನನ್ನು, ನನ್ನ ಓಣಿಯನ್ನು, ನನ್ನ ಅಜ್ಜಿಯನ್ನು ಬಿಟ್ಟು ನಾನು ಸಮುದ್ರ ದಾಟಬೇಕು. ಅದಕ್ಕೆ ಪೀನೊ ನಿನಗೆ ಹೇಳುವ ಹಾಗೆ ನೀನು ನನಗೆ ಹೇಳುತ್ತೀಯಾ? ಅವರ ಮಾತು ನಿನ್ನ ಬಾಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ನೋಡು.

ನನ್ನನ್ನು ಕೇಳು. ಇಟಲಿಯಲ್ಲಿ ಇಲ್ಲವೇ ಇಲ್ಲ ಎಂದೆಯಲ್ಲ, ಆ ಮಾತನ್ನು ಹಾಕಿ ಕೇಳು. ಪೋಸ್ಟ್ ಆಫೀಸಿಗೆ ಹೋಗಿ, ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಿ ತಂತಿ ಬರೆಸು, ಬೆರಳು ತೋರಿಸಿ ಅಲ್ಲ. ಅವರ ಅಕ್ಷರದಲ್ಲೇ ಬರಲಿ, ಓದಲು ನನಗೀಗ ಬರುತ್ತದೆ. ಅಲ್ಲಿಯವರೆಗೆ ನಾನು ಪೆಟ್ಟಿಗೆ ಕಟ್ಟುವುದಿಲ್ಲ.

ವಸೀಲಾ


ತಂತಿ
ಮಜಾರಾ, ಜುಲೈ 24, 1987

ಬೂನ್‌ಜೋರ್ನೊ ವಸೀಲಾ. ಬೈಯಾ ಜೊತೆ ಬಾ. ಪೆರ್ ಫವೋರೆ. ಪೆರ್ ಫವೋರೆ. ಪೆರ್ ಫವೋರೆ. ಕೌಂಟರಿನಾಕೆ ಒಂದು ಸಾಕು ಎಂದಳು. ನಾನು ನೋ ಎಂದೆ.

ಖಮೈಸ್